ಎಂಟು ದೀಪದ ಲ್ಯಾನ್ ಟೆಸ್ಟರ್ ಮಾತನ್ನು ಎಷ್ಟು ನಂಬಬಹುದು?

9 ವೋಲ್ಟ್ ಬ್ಯಾಟರಿ ಹಾಕುವ, ಎರಡು ತುಂಡಾಗಿ ಬರುವ ಸಾದಾ ಲ್ಯಾನ್ ಟೆಸ್ಟರ್‌ಗೆ ಬರುವುದು ಒಂದೇ ವಿದ್ಯೆ. ನೆಟ್‌ವರ್ಕ್ (ಲ್ಯಾನ್) ಕೇಬಲ್‌ನ ಎಂಟು ಎಳೆಗಳಲ್ಲಿ ಯಾವುದು ಕಡಿದಿದೆ, ಯಾವುದು ಅದಲುಬದಲಾಗಿದೆ ಎಂಬುದನ್ನು ಅದು ಅರ್ಧ ನಿಮಿಷದಲ್ಲಿ ತೋರಿಸುತ್ತದೆ. ಮೇಜಿನ ಮೇಲಿನ ಗಿಡ್ಡ ಕೇಬಲ್‌ಗೆ ಇದು ಬೇಕಿಲ್ಲ, ಬೇರೆ ಕೇಬಲ್ ಹಾಕಿ ನೋಡಿದರೆ ಸಾಕು. ಗೋಡೆಯೊಳಗೆ ಹೋದ ಕೇಬಲ್‌ಗೆ ಮಾತ್ರ ಇದರ ಬೆಲೆ ತಿಳಿಯುವುದು.

ಮೊದಲು ಕೇಬಲ್‌ನ ಎರಡೂ ತುದಿಗಳನ್ನು ಕಂಪ್ಯೂಟರ್, ರೂಟರ್‌ಗಳಿಂದ ಬಿಡಿಸಿ, ಟೆಸ್ಟರ್‌ನ ಒಂದೊಂದು ತುಂಡಿಗೆ ಒಂದೊಂದು ತುದಿ ಚುಚ್ಚಿ. ಚಾಲೂ ಇರುವ ಪೋರ್ಟ್‌ಗೆ, ಅದರಲ್ಲೂ ಕೇಬಲ್ ಮೂಲಕವೇ ವಿದ್ಯುತ್ ಕೊಡುವ ಪಿಒಇ ಪೋರ್ಟ್‌ಗೆ, ಟೆಸ್ಟರ್ ಚುಚ್ಚಿದರೆ ಅದು ಸುಟ್ಟುಹೋಗಬಹುದು. ವೇಗದ ಗುಂಡಿ ನಿಧಾನಕ್ಕೇ ಇರಲಿ. ಎರಡೂ ತುಂಡುಗಳಲ್ಲಿ 1ರಿಂದ 8ರವರೆಗೆ ದೀಪಗಳು ಜೊತೆಜೊತೆಗೆ ಹೊತ್ತಬೇಕು. ಜಿ ದೀಪ ಹೊತ್ತದಿದ್ದರೆ ಗಾಬರಿ ಬೇಡ, ಅದು ಶೀಲ್ಡ್ (ಲೋಹದ ಹೊದಿಕೆ) ಇರುವ ಕೇಬಲ್‌ಗೆ.

ನೆಟ್ ಬರುತ್ತಿದೆ, ಆದರೆ ಲಿಂಕ್ ವೇಗ 1000ದ ಬದಲು 100 ಎಂಬಿಪಿಎಸ್ ತೋರಿಸುತ್ತಿದೆ ಎಂದರೆ 4, 5, 7, 8ನೇ ದೀಪಗಳ ಮೇಲೆ ಕಣ್ಣಿಡಿ. 100ಕ್ಕೆ 1, 2, 3, 6ನೇ ಎಳೆಗಳು ಸಾಕು, 1000ಕ್ಕೆ (ಗಿಗಾಬಿಟ್‌ಗೆ) ಎಂಟೂ ಬೇಕು. ಕನೆಕ್ಟರ್ ಹತ್ತಿರ ಕೇಬಲ್ ಅಲುಗಿಸಿ ನೋಡಿ: 7ನೇ ದೀಪ ಮಿಣಕ್ ಎಂದು ಆರಿದರೆ ಆ ಎಳೆ ಪಿನ್ ತುದಿಯವರೆಗೆ ತಲುಪಿಲ್ಲ, ಅಥವಾ ಕ್ರಿಂಪ್ (ಕನೆಕ್ಟರ್ ಅದುಮಿ ಕೂರಿಸಿದ ಹಿಡಿತ) ಸಡಿಲ. ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಹಳೆಯದನ್ನು ಮತ್ತೆ ಅದುಮುವುದು ವ್ಯರ್ಥ ಶ್ರಮ.

ಇನ್ನು ಟೆಸ್ಟರ್ ಮೋಸ ಮಾಡುವ ಜಾಗ. ಎರಡೂ ತುದಿಯಲ್ಲಿ ಬಣ್ಣದ ಜೋಡಿಗಳನ್ನು 1-2, 3-4, 5-6, 7-8ನೇ ಪಿನ್‌ಗಳಿಗೆ ಸಾಲಾಗಿ ಕೂರಿಸಿದ್ದರೂ ಎಂಟೂ ದೀಪ ಸೊಗಸಾಗಿ ಹೊತ್ತುತ್ತವೆ. ಆದರೆ ಒಂದು ಜೋಡಿ 3 ಮತ್ತು 6ಕ್ಕೆ, ಇನ್ನೊಂದು 4 ಮತ್ತು 5ಕ್ಕೆ ಹೋಗಬೇಕು. ಹಾಗಾಗದಿದ್ದರೆ ಜೋಡಿಯ ಎರಡು ಎಳೆಗಳನ್ನು ಒಂದಕ್ಕೊಂದು ಸುತ್ತಿದ ಹೆಣಿಗೆಯ ಪ್ರಯೋಜನ ಕೆಟ್ಟು, ಒಂದು ಜೋಡಿಯ ಸಿಗ್ನಲ್ ಪಕ್ಕದ್ದಕ್ಕೆ ಸೋರಿ, ಸಂಪರ್ಕ ಆಗಾಗ ಕಡಿಯುತ್ತದೆ. ಇದಕ್ಕೆ ಕಣ್ಣೇ ಟೆಸ್ಟರ್. ಬಣ್ಣಗಳನ್ನು ಕೂರಿಸುವ ಟಿ568ಬಿ ಕ್ರಮದ ಪ್ರಕಾರ 1ರಿಂದ 8ರವರೆಗೆ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು; ಹೆಣಿಗೆ ಬಿಚ್ಚುವುದು 13 ಮಿಲಿಮೀಟರ್ ಮೀರಬಾರದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯನ್ನೂ ಟೆಸ್ಟರ್ ಗುರುತಿಸುವುದಿಲ್ಲ.

ಕೇಬಲ್ ಸರಿಯಿದ್ದೂ ಕಂಪ್ಯೂಟರ್‌ನ ನೆಟ್‌ವರ್ಕ್ ವಿಳಾಸ (ಐಪಿ) 169.254ರಿಂದ ಶುರುವಾದರೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. ಟೆಸ್ಟರ್ ಎತ್ತಿಟ್ಟು ರೂಟರ್‌ನ ಬೇರೆ ಪೋರ್ಟ್‌ಗೆ ಚುಚ್ಚಿ ನೋಡಿ, ಆಮೇಲೆ ರೂಟರ್‌ನಲ್ಲಿ ಡಿಎಚ್‌ಸಿಪಿ (ವಿಳಾಸ ತಾನಾಗಿ ಹಂಚುವ ವ್ಯವಸ್ಥೆ) ಚಾಲೂ ಇದೆಯೇ ಎಂದು ಪರೀಕ್ಷಿಸಿ.