ಆಹಾರ ಪರೀಕ್ಷೆ ಕಿಟ್: ಕೊಟ್ಟ 550 ರೂಪಾಯಿಗೆ ಮೋಸವಿಲ್ಲ, ಪುಸ್ತಿಕೆ ಮಾತ್ರ ನಂಬಬೇಡಿ

ಮಗಳು ಒಂಬತ್ತನೇ ಕ್ಲಾಸು. ಕಾರ್ಬೋಹೈಡ್ರೇಟ್ ಶಕ್ತಿ ಕೊಡುತ್ತದೆ, ಪ್ರೋಟೀನ್ ದೇಹ ಕಟ್ಟುತ್ತದೆ ಅಂತ ಬಾಯಿಪಾಠ ಮಾಡಿಕೊಂಡು ಕೂತಿದ್ದಳು. ಹೇಗೆ ಕಟ್ಟುತ್ತದೆ ಅಂತ ಕೇಳಿದರೆ ಉತ್ತರವಿಲ್ಲ. ಅದಕ್ಕೇ ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ಈ ಕಿಟ್ ತಂದೆ. ಎರಡು ಭಾನುವಾರ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟುಕೊಂಡು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಡಬ್ಬಿಯಲ್ಲಿ ಆರು ಟೆಸ್ಟ್ ಟ್ಯೂಬು, ಒಂದು ಸ್ಟ್ಯಾಂಡು, ಡ್ರಾಪರುಗಳು, ಎಂಟು ಪುಟದ ಕನ್ನಡ ಪುಸ್ತಿಕೆ ಇವೆ. ಜೊತೆಗೆ ಬಣ್ಣ ಬದಲಿಸಿ ತೋರಿಸುವ ಮೂರು ಬಾಟಲಿ: ಪಿಷ್ಟಕ್ಕೆ ಅಯೋಡಿನ್, ಗ್ಲೂಕೋಸ್‌ನಂಥ ಸಕ್ಕರೆಗೆ ಬೆನೆಡಿಕ್ಟ್, ಪ್ರೋಟೀನಿಗೆ ಬೈಯುರೆಟ್. ಗಾಜು ಗಟ್ಟಿಯಾಗಿದೆ, ಕುದಿಯುವ ನೀರಿನಲ್ಲಿ ಇಟ್ಟರೂ ಬಿರುಕು ಬಿಡಲಿಲ್ಲ.

ಮೊದಲನೇ ಭಾನುವಾರ ಏಲಕ್ಕಿ ಬಾಳೆಯ ಹಸಿರು ಕಾಯಿ ಕತ್ತರಿಸಿ ಒಂದು ಬಿಲ್ಲೆಗೆ ಎರಡು ಹನಿ ಅಯೋಡಿನ್ ಬಿಟ್ಟೆವು. ನೋಡನೋಡುತ್ತಲೇ ಕಡುನೀಲಿ, ಹೆಚ್ಚುಕಮ್ಮಿ ಕಪ್ಪೇ. ಅದೇ ಚಿಪ್ಪನ್ನು ಹಾಗೇ ಇಟ್ಟು ಮುಂದಿನ ಭಾನುವಾರ ಕಳಿತ ಹಣ್ಣಿಗೆ ಹಾಕಿದರೆ ಅಲ್ಲೊಂದು ಇಲ್ಲೊಂದು ನೀಲಿ ಮಚ್ಚೆ, ಅಷ್ಟೇ. "ಅಮ್ಮಾ, ಪಿಷ್ಟ ಎಲ್ಲಿಗೆ ಹೋಯ್ತು?" ಅಂದಳು. ಈ ಪ್ರಶ್ನೆ ಅವಳ ಬಾಯಿಂದ ಬಂತಲ್ವಾ, ನನಗೆ ಆಗಲೇ ದುಡ್ಡು ವಸೂಲಾಯಿತು.

ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಸರ. ಅದರಲ್ಲಿ ಅಮೈಲೋಸ್ ಅನ್ನುವ ಸರ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ, ಒಂದು ಸುತ್ತಿಗೆ ಸುಮಾರು ಆರು ಗ್ಲೂಕೋಸ್. ಆ ಸುರುಳಿಯ ಒಳಗೆ ಅಯೋಡಿನ್ ಹೋಗಿ ಕೂತಾಗ ನೀಲಿ ಕಾಣುತ್ತದೆ. ಅನ್ನ ಬಸಿದ ಗಂಜಿಗೆ ನೀರು ಬೆರೆಸಿ, ಅಯೋಡಿನ್ ಹಾಕಿ, ಟ್ಯೂಬನ್ನು ಬಿಸಿನೀರಿಗೆ ಇಳಿಸಿದೆವು. ಸುರುಳಿ ಬಿಚ್ಚಿಕೊಂಡು ಬಣ್ಣ ಮಾಯ. ತಣ್ಣೀರಿಗೆ ಇಟ್ಟರೆ ಮತ್ತೆ ನೀಲಿ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೂ "ಇನ್ನೊಂದು ಸಲ ಮಾಡೇ ಪುಟ್ಟಿ" ಅಂದರು.

ಆಮೇಲೆ ಜೊಲ್ಲು. ಇದು ಪುಸ್ತಿಕೆಯಲ್ಲಿ ಇಲ್ಲ, ಆದರೆ ಇಡೀ ಕಿಟ್‌ನಲ್ಲಿ ಮಾಡಲೇಬೇಕಾದದ್ದು ಇದೇ. ಉಗುರುಬೆಚ್ಚಗಿನ ತೆಳು ಗಂಜಿಯನ್ನು ಎರಡು ಟ್ಯೂಬಿಗೆ ಹಾಕಿ. ಒಂದಕ್ಕೆ ಹಾಗೇ ಜೊಲ್ಲು ಸೇರಿಸಿ, ಇನ್ನೊಂದಕ್ಕೆ ಕುದಿಸಿ ಆರಿಸಿದ ಜೊಲ್ಲು. ನಿಮಿಷಕ್ಕೊಮ್ಮೆ ಒಂದೊಂದು ಹನಿ ತೆಗೆದು ಬಿಳಿ ತಟ್ಟೆಯ ಮೇಲಿನ ಅಯೋಡಿನ್‌ಗೆ ಬಿಡುತ್ತಾ ಹೋಗಿ. ಮೊದಲನೆಯದು ನೀಲಿಯಿಂದ ಕೆಂಗಂದು ಆಗಿ, ಕೊನೆಗೆ ಬರೀ ಅಯೋಡಿನ್ ಬಣ್ಣಕ್ಕೆ ಬಂತು. ಎರಡನೆಯದು ನೀಲಿಯಾಗೇ ಉಳಿಯಿತು.

ಜೊಲ್ಲಿನಲ್ಲಿರುವ ಅಮೈಲೇಸ್ ಒಂದು ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸುವ ಪ್ರೋಟೀನ್. ಅಮೈನೋ ಆಮ್ಲ ಅನ್ನುವ ಸುಮಾರು 500 ಮಣಿಗಳ ಉದ್ದನೆಯ ಸರ. ಆದರೆ ಅದು ಸರವಾಗಿ ಸುಮ್ನೆ ಬಿದ್ದಿರುವುದಿಲ್ಲ, ಮಡಚಿಕೊಂಡು ಒಂದು ಆಕಾರಕ್ಕೆ ಬಂದಿರುತ್ತದೆ. ಅದರಲ್ಲೊಂದು ಕೊರಕಲು, ಪಿಷ್ಟದ ಸರ ಅಲ್ಲಿ ಸಿಕ್ಕಿಕೊಂಡರೆ ತುಂಡು. ಕುದಿಸಿದಾಗ ಆ ಮಡಿಕೆ ಹಾಳಾಗುತ್ತದೆ. ಬಾಳೆಕಾಯಿ ಹಣ್ಣಾಗುವಾಗಲೂ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಿಹಿ ಮಾಡುತ್ತವೆ. ಅವೂ ಪ್ರೋಟೀನ್‌ಗಳೇ.

ಹಾಗಾದರೆ ಕುದಿಸಿದರೆ ಪ್ರೋಟೀನೇ ಇರುವುದಿಲ್ವಾ? ಮಗಳು ಹಾಗೇ ಅಂದುಕೊಂಡಳು. ಹಸಿ ಮೊಟ್ಟೆಯ ಬಿಳಿ ಒಂದು ಟ್ಯೂಬಿಗೆ, ಬೇಯಿಸಿ ನೀರಿನಲ್ಲಿ ಅರೆದ ಬಿಳಿ ಇನ್ನೊಂದಕ್ಕೆ ಹಾಕಿ ಬೈಯುರೆಟ್ ಬಿಟ್ಟೆವು. ಎರಡೂ ನೇರಳೆ! ಅಮೈನೋ ಆಮ್ಲಗಳ ನಡುವಿನ ಕೊಂಡಿಗೆ ಈ ಬಣ್ಣ ಬರುವುದು, ಬೇಯಿಸಿದರೆ ಆ ಕೊಂಡಿ ಕಡಿಯುವುದಿಲ್ಲ. ಸರ ಹಾಗೇ ಇದೆ, ಆಕಾರ ಮಾತ್ರ ಹೋಗಿದೆ. ಕುದಿಸಿದ ಜೊಲ್ಲು ಕೆಲಸ ಮಾಡಲಿಲ್ಲವಲ್ಲ, ಅದರ ಕಾರಣ ಅವಳಿಗೆ ಹೊಳೆದದ್ದು ಆಗ.

ಹತ್ತಿಗೂ ಒಂದು ಹನಿ ಅಯೋಡಿನ್ ಹಾಕಿ ನೋಡಿ. ಮೆಡಿಕಲ್ ಸ್ಟೋರಿನ ಹತ್ತಿ ನೀಲಿಯಾಗಲಿಲ್ಲ, ಗಂಜಿ ಹಾಕಿದ ಹಳೇ ಕಾಟನ್ ಸೀರೆಯ ತುಂಡು ಆಯಿತು. ಹತ್ತಿಯ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಸರವೇ. ಆದರೆ ಮಣಿಗಳನ್ನು ಜೋಡಿಸಿರುವ ರೀತಿ ಬೇರೆ, ಹಾಗಾಗಿ ಸುರುಳಿ ಇಲ್ಲದೆ ನೇರವಾಗಿ ಒಂದಕ್ಕೊಂದು ಒತ್ತಿಕೊಂಡು ನಾರಾಗುತ್ತದೆ. ನಮ್ಮ ಅಮೈಲೇಸ್‌ಗೆ ಅದನ್ನು ಕತ್ತರಿಸಲು ಆಗುವುದಿಲ್ಲ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಆಗುತ್ತದೆ, ಅದಕ್ಕೇ ಅದು ಹುಲ್ಲು ತಿಂದು ಬದುಕುತ್ತದೆ.

ಇನ್ನು ದೂರುಗಳು. ಬೈಯುರೆಟ್ ಬಾಟಲಿಯ ಮುಚ್ಚಳ ಸೋರುತ್ತಿತ್ತು. ಅದರಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ, ಮುಟ್ಟಿದ ಬೆರಳು ಸೋಪು ಹಚ್ಚಿದಂತೆ ಜಾರುತ್ತಿತ್ತು, ತಕ್ಷಣ ನಲ್ಲಿ ಕೆಳಗೆ ಹಿಡಿದು ತುಂಬಾ ಹೊತ್ತು ತೊಳೆದೆ. ಮಕ್ಕಳ ಕಿಟ್‌ನಲ್ಲಿ ಇದು ಸಣ್ಣ ತಪ್ಪಲ್ಲ. ಅಂಗಡಿಯವರು ಮಾತಿಲ್ಲದೆ ಬೇರೆ ಬಾಟಲಿ ಕೊಟ್ಟರು, ಆದರೆ ಗ್ಲೌಸು, ಕನ್ನಡಕ ಎರಡನ್ನೂ ಡಬ್ಬಿಯಲ್ಲೇ ಇಡಬೇಕಿತ್ತು. ಬೆನೆಡಿಕ್ಟ್ ಹಾಕಿದ ಟ್ಯೂಬನ್ನು ನೇರ ಉರಿಗೆ ಹಿಡಿಯಲು ಪುಸ್ತಿಕೆ ಹೇಳುತ್ತದೆ, ಹಾಗೆ ಮಾಡಬೇಡಿ, ಒಳಗಿನದು ಚಿಮ್ಮುತ್ತದೆ. ಕುದಿಯುವ ನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು.

ಇನ್ನೊಂದು ತಪ್ಪಂತೂ ಮಕ್ಕಳನ್ನು ಪೂರ್ತಿ ದಾರಿ ತಪ್ಪಿಸುತ್ತದೆ. "ಸಕ್ಕರೆ ಇದ್ದರೆ ಬೆನೆಡಿಕ್ಟ್ ಇಟ್ಟಿಗೆ ಕೆಂಪಾಗುತ್ತದೆ" ಅಂತ ಬರೆದಿದ್ದಾರೆ. ಮಗಳು ಡಬ್ಬದ ಸಕ್ಕರೆಯನ್ನೇ ಹಾಕಿದಳು, ನೀಲಿ ಅಲ್ಲಾಡಲಿಲ್ಲ, ಕಿಟ್ ಕೆಟ್ಟಿದೆ ಅಂದುಕೊಂಡಳು. ನಾವು ಕಾಫಿಗೆ ಹಾಕುವುದು ಸುಕ್ರೋಸ್. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಬೆನೆಡಿಕ್ಟ್ ಜೊತೆ ವರ್ತಿಸುವ ತುದಿಯಿಂದಲೇ ಕೈ ಹಿಡಿದುಕೊಂಡಿರುತ್ತವೆ, ಹಾಗಾಗಿ ಬಣ್ಣ ಬದಲಾಗುವುದಿಲ್ಲ. ಜೇನುತುಪ್ಪ ಹಾಕಿದೆವು, ಚೆನ್ನಾಗಿ ಕೆಂಪಾಯಿತು. ಹೂವಿನ ಮಕರಂದದ ಸುಕ್ರೋಸನ್ನು ಜೇನುಹುಳುವಿನ ಕಿಣ್ವ ಮೊದಲೇ ಬಿಡಿಸಿಟ್ಟಿರುತ್ತದಲ್ಲ.

ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳಿರುವ ಮನೆಗೆ ಧೈರ್ಯವಾಗಿ ತನ್ನಿ, ದೊಡ್ಡವರು ಪಕ್ಕದಲ್ಲೇ ಇರಿ. ಜಾಸ್ತಿ ಖರ್ಚಾಗುವುದು ಅಯೋಡಿನ್, ನಮ್ಮದು ಆಗಲೇ ತಳ ಕಂಡಿದೆ. ಅದೊಂದನ್ನೇ ಬಿಡಿಯಾಗಿ 60 ರೂಪಾಯಿಗೆ ಕೊಡುತ್ತಾರೆ, ಕಿಟ್ ತರುವಾಗಲೇ ಒಂದು ಬಾಟಲಿ ಹೆಚ್ಚಿಗೆ ತಂದುಬಿಡಿ.