ಮೊಣಕಾಲು ನೋವಿಗೆ ಫಿಸಿಯೋಥೆರಪಿ: ಎರಡು ತಿಂಗಳು ಹೋಗಿ ಬಂದವಳ ಲೆಕ್ಕ

ಮೊದಲು ಸಿಟ್ಟು ಹೇಳಿಬಿಡುತ್ತೇನೆ. ಬರುವವರಲ್ಲಿ ಮುಕ್ಕಾಲು ಮಂದಿ ಮೊಣಕಾಲು ನೋವಿನವರು, ಸೆಂಟರು ಮಾತ್ರ ಮೊದಲನೇ ಮಹಡಿಯಲ್ಲಿ. ಹದಿನೆಂಟು ಮೆಟ್ಟಿಲು, ಲಿಫ್ಟ್ ಇಲ್ಲ. ಎಣಿಸಿದ್ದೇನೆ, ಯಾಕಂದ್ರೆ ಮೊದಲ ದಿನ ಒಂಬತ್ತನೇ ಮೆಟ್ಟಿಲಲ್ಲಿ ಉಸ್ಸಪ್ಪಾ ಅಂತ ಕೂತುಬಿಟ್ಟಿದ್ದೆ. ಬಾಗಲಕೋಟೆ ನವನಗರದ ಚಿಕ್ಕ ಸೆಂಟರು ಇದು. ಎರಡು ಮಂಚ, ಮೂರು ಮಷಿನ್ನು, ನಿಂತಲ್ಲೇ ತುಳಿಯುವ ಒಂದು ಸೈಕಲ್ಲು. ಹೊಗಳೋದೂ ಇದೆ, ಬೈಯೋದೂ ಇದೆ, ಹಾಗಾಗಿ ಹೆಸರು ಬರೆಯಲ್ಲ.

ನನಗೆ 67. ಎರಡೂ ಕಾಲು ನೋವು, ಬಲಗಾಲು ಜಾಸ್ತಿ. ನಲವತ್ತು ವರ್ಷ ನೆಲಕ್ಕೆ ಕೂತು ಜೋಳದ ರೊಟ್ಟಿ ಬಡಿದವಳು ನಾನು, ಈಗ ಒಂದು ಸಲ ಕೆಳಗೆ ಕೂತರೆ ಎದ್ದೇಳಲು ಗೋಡೆ ಬೇಕು, ಸೊಸೆ ಬೇಕು, ಸೊಸೆ ಇಲ್ಲದಿದ್ದರೆ ಗ್ಯಾಸ್ ಸಿಲಿಂಡರ್ ಹಿಡಿದು ಏಳಬೇಕು. ಡಾಕ್ಟರು ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ನಿಂತಾಗ ಮೈಭಾರ ಬೀಳುತ್ತದಲ್ಲ, ಆಗಲೇ ಸಂದು ಎಷ್ಟು ಸವೆದಿದೆ ಅಂತ ಸರಿಯಾಗಿ ಕಾಣುತ್ತದೆ. ಮೂರನೇ ಗ್ರೇಡ್ ಅಂದರು, ಕೊನೆಯದು ನಾಲ್ಕು. ಆಪರೇಷನ್ ಈಗಲೇ ಬೇಡ, ಮೊದಲು ತೊಡೆಗೆ ಶಕ್ತಿ ಬರಲಿ, ಸ್ವಲ್ಪ ತೂಕ ಇಳಿಯಲಿ ಅಂದರು.

ಅಷ್ಟರಲ್ಲಿ ನನ್ನ ಪ್ರಯೋಗಗಳೆಲ್ಲ ಮುಗಿದಿದ್ದವು. ಎಕ್ಕದ ಎಲೆಗೆ ಔಡಲೆಣ್ಣೆ ಹಚ್ಚಿ, ಬಿಸಿ ಮಾಡಿ ರಾತ್ರಿ ಕಟ್ಟಿಕೊಂಡೆ. ಬೆಚ್ಚಗಿನ ಸುಖ ಬೆಳಗಿನ ತನಕ, ಒಂದು ದಿನ ಅದರ ಹಾಲು ತಾಗಿ ಚರ್ಮ ಬೊಬ್ಬೆ ಎದ್ದಿತು, ಅಲ್ಲಿಗೆ ಬಿಟ್ಟೆ. ಆಮೇಲೆ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನಾಲ್ಕು ತಿಂಗಳು ನುಂಗಿದೆ. ಇದು ತಪ್ಪು, ದೊಡ್ಡ ತಪ್ಪು. ನನಗೆ ಬಿಪಿ ಇದೆ, ಆ ಗುಳಿಗೆಗಳು ಬಿಪಿ ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೂ ಪೆಟ್ಟು. ಡಾಕ್ಟರು ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ನಿಲ್ಲಿಸಿ, ಹಚ್ಚಿಕೊಳ್ಳುವ ಡೈಕ್ಲೋಫೆನಾಕ್ ಜೆಲ್ ಬರೆದುಕೊಟ್ಟರು. ಮೊಣಕಾಲಿಗೆ ಅದು ನಿಜಕ್ಕೂ ಕೆಲಸ ಮಾಡುತ್ತದೆ.

ಈಗ ಸೆಂಟರಿನ ವಿಷಯ. ಒಂದು ದಿನಕ್ಕೆ 300 ರೂಪಾಯಿ. ಒಟ್ಟಿಗೆ ಇಪ್ಪತ್ತು ದಿನದ ಪ್ಯಾಕೇಜ್ ತೊಗೊಂಡರೆ 5000. ನಾನು ಪ್ಯಾಕೇಜ್ ತೊಗೊಂಡೆ. ನೀವು ತೊಗೋಬೇಡಿ, ಯಾಕೆ ಅಂತ ಹೇಳುತ್ತೇನೆ.

ಹೋದ ಕೂಡಲೇ ಮಂಚದ ಮೇಲೆ ಮಲಗಿಸಿ ಮೊಣಕಾಲ ಸುತ್ತ ನಾಲ್ಕು ಪ್ಯಾಡು ಅಂಟಿಸಿ ಕರೆಂಟ್ ಹಚ್ಚುತ್ತಾರೆ. ಗಾಬರಿ ಆಗೋದು ಬೇಡ, ಇರುವೆ ಹರಿದಾಡಿದ ಹಾಗೆ ಆಗುತ್ತದೆ ಅಷ್ಟೇ. ಹದಿನೈದು ನಿಮಿಷ ಸುಖವಾಗಿರುತ್ತದೆ, ನಾನು ಎರಡು ಸಲ ಗೊರಕೆ ಹೊಡೆದಿದ್ದೇನಂತೆ. ಆದರೆ ಆ ಸುಖ ಮೆಟ್ಟಿಲಿಳಿದು ಆಟೋ ಹತ್ತುವವರೆಗೆ ಮಾತ್ರ. ನಮ್ಮ ಕಡೆಯವರಿಗೆ ಮಷಿನ್ ಹಚ್ಚಿದರೇನೆ ಚಿಕಿತ್ಸೆ ಅನ್ನಿಸೋದು, ದುಡ್ಡು ಕೊಟ್ಟಿದ್ದೀವಿ ಅಲ್ವಾ, ಹಾಗಾಗಿ ಅವರೂ ಹಚ್ಚುತ್ತಾರೆ. ಪ್ಯಾಕೇಜಿನ ಅರ್ಧ ಹೊತ್ತು ಇದರಲ್ಲೇ ಹೋಯಿತು.

ನಿಜವಾದ ಕೆಲಸ ಶುರುವಾಗೋದು ಆಮೇಲೆ. ಅಲ್ಲಿ ಒಬ್ಬ ಹುಡುಗಿ ಇದ್ದಾಳೆ, ನನ್ನ ಮೊಮ್ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳು ಇರಬಹುದು. ಟವೆಲ್ ಸುರುಳಿ ಸುತ್ತಿ ಮೊಣಕಾಲ ಕೆಳಗೆ ಇಟ್ಟು, "ಅಮ್ಮಾರ, ಇದನ್ನ ಕೆಳಗ ಒತ್ರಿ" ಅಂದಳು. ಒತ್ತಿದೆ. ಮೊಣಚಿಪ್ಪಿನ ಮೇಲೆ, ತೊಡೆಗೆ ಎರಡು ಬೆರಳಿಟ್ಟು ನೋಡಿ, "ಇಲ್ಲಿ ಗಟ್ಟಿ ಆಗವಲ್ದು ನೋಡ್ರಿ, ನೀವು ಬರೀ ಮುಖಾನ ಗಟ್ಟಿ ಮಾಡೀರಿ" ಅಂದಳು. ನನ್ನ ಬೆರಳನ್ನೂ ಅಲ್ಲೇ ಇಡಿಸಿದಳು. ಹೌದು, ಸರಿಯಾಗಿ ನಾದದ ಹಿಟ್ಟಿನ ಹಾಗೆ ಮೆತ್ತಗೆ. ಮೊಣಕಾಲಿಗೆ ಬೀಳುವ ಪೆಟ್ಟನ್ನು ಮೊದಲು ತಡೆಯೋದು ಈ ತೊಡೆಯ ಸ್ನಾಯುವೇ, ಅದು ಸೋತರೆ ಭಾರವೆಲ್ಲ ಸವೆದ ಸಂದಿಗೇ ಬೀಳುತ್ತದೆ. ಐದು ಎಣಿಸುವ ತನಕ ಒತ್ತಿ ಹಿಡಿಯೋದು, ಬಿಡೋದು, ಹತ್ತು ಸಲ. ಆಮೇಲೆ ಒಂದು ಕಾಲು ಮಡಚಿ ಇನ್ನೊಂದನ್ನು ನೆಟ್ಟಗೆ ಒಂದು ಅಡಿ ಎತ್ತಿ ಹಿಡಿಯೋದು. ಎರಡು ವಾರ ಆದ ಮೇಲೆ, ಕುರ್ಚಿಯಿಂದ ಕೈ ಊರದೆ ಏಳೋದು, ಮೆಲ್ಲಗೆ ಕೂರೋದು. ನಾನು ಎಣಿಕೆಯಲ್ಲಿ ಮೋಸ ಮಾಡುತ್ತೇನೆ, ಮೂರರಿಂದ ನೇರ ಐದಕ್ಕೆ ಹಾರುತ್ತೇನೆ. ಅವಳು ಬಿಡೋದಿಲ್ಲ, "ನಾಕು ಎಲ್ಲಿ ಹೋತ್ರಿ ಅಮ್ಮಾರ?" ಅಂತಾಳೆ. ನಾನು ದುಡ್ಡು ಕೊಟ್ಟಿದ್ದು ಆ ಎಣಿಕೆಗೆ ಅಂತಲೇ ಅಂದುಕೊಂಡಿದ್ದೇನೆ.

ಮೊದಲ ವಾರ ನೋವು ಜಾಸ್ತಿ ಆಯಿತು, ಬಿಟ್ಟುಬಿಡಬೇಕು ಅಂದುಕೊಂಡೆ. ವ್ಯಾಯಾಮ ಮಾಡಿದಾಗ ಸ್ವಲ್ಪ ನೋಯಲಿ, ಮರುದಿನ ಬೆಳಗ್ಗೆ ಹೊತ್ತಿಗೆ ಮೊದಲಿನಂತಾದರೆ ಸರಿ, ಬಾವು ಬಂದರೆ ಅಥವಾ ನೋವು ಹಾಗೇ ಉಳಿದರೆ ಮಾತ್ರ ಎಣಿಕೆ ಕಮ್ಮಿ ಮಾಡಿ ಅಂದಳು. ಮೂರನೇ ವಾರದ ಕೊನೆಗೆ ಬೆರಳಿಟ್ಟು ನೋಡಿದೆ, ಗಟ್ಟಿ ಇತ್ತು. ಆರನೇ ವಾರಕ್ಕೆ ರಾತ್ರಿ ಮಗ್ಗುಲು ಬದಲಿಸುವಾಗಿನ ಚುಚ್ಚು ನಿಂತಿತು. ನೋವು ಪೂರ್ತಿ ಹೋಗಿಲ್ಲ, ಹೋಗೋದೂ ಇಲ್ಲ, ಸವೆದದ್ದು ಮತ್ತೆ ಬೆಳೆಯಲ್ಲ. ಆದರೆ ತರಕಾರಿ ತರಲು ನಾನೇ ಹೋಗುತ್ತೇನೆ ಈಗ.

ಅವಳು ಹೇಳಿದ ಸಣ್ಣ ಸಣ್ಣ ಮಾತುಗಳೇ ನನಗೆ ಜಾಸ್ತಿ ಉಪಯೋಗ ಆದವು. ಬಲಗಾಲು ನೋವಿದೆ ಅಂತ ಕೋಲನ್ನೂ ಬಲಗೈಯಲ್ಲೇ ಹಿಡಿಯುತ್ತಿದ್ದೆ. ಕೋಲು ಎಡಗೈಗೆ ಬರಬೇಕಂತೆ, ನೋವಿನ ಕಾಲಿನ ಎದುರು ಕೈಗೆ. ಅವತ್ತೇ ಬದಲಿಸಿದೆ, ಅವತ್ತೇ ವ್ಯತ್ಯಾಸ ಗೊತ್ತಾಯಿತು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೊಣಕಾಲ ಪಟ್ಟಿ ನಡೆಯುವಾಗ ಮಾತ್ರ, ನಾನು ಬೇಸಿಗೆಯಲ್ಲೂ ಹಗಲು ರಾತ್ರಿ ಹಾಕಿಕೊಂಡು ಬೆವರು ಕಜ್ಜಿ ಮಾಡಿಕೊಂಡಿದ್ದೆ. ರೊಟ್ಟಿ ಈಗ ಕಟ್ಟೆ ಮೇಲೆ, ನಿಂತು ಬಡಿಯುತ್ತೇನೆ. ಬಡಿಯುವ ತಾಳ ಮೊದಲಿನ ಹಾಗಿಲ್ಲ, ಯಜಮಾನರು ರೊಟ್ಟಿ ದಪ್ಪ ಅಂತಾರೆ, ಅನ್ನಲಿ ಬಿಡಿ. ಮನೆಯಲ್ಲಿ ಕಮೋಡ್ ಹಾಕಿಸಿದ್ದೇವೆ. ತೂಕ 74 ಇತ್ತು, 71ಕ್ಕೆ ಇಳಿದಿದೆ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಮ್ಮಿ ಆಗುತ್ತದೆ, ಅಂದ್ರೆ ಹೆಜ್ಜೆ ಹೆಜ್ಜೆಗೂ ಹನ್ನೆರಡು ಕೆಜಿ ಜೋಳದ ಚೀಲ ಇಳಿಸಿಟ್ಟ ಹಾಗೆ.

ಪ್ಯಾಕೇಜ್ ಯಾಕೆ ಬೇಡ ಅಂದೆ ಅಂದರೆ, ವ್ಯಾಯಾಮ ಕಲಿಯಲು ಐದಾರು ದಿನ ಸಾಕು. ಆಮೇಲೆ ಮನೆಯಲ್ಲಿ ದಿನಾ ಮಾಡಿ, ಎರಡು ವಾರಕ್ಕೊಮ್ಮೆ ಹೋಗಿ ತೋರಿಸಿ ಬಂದರೆ ಆಯಿತು. ನನ್ನ ಪ್ಯಾಕೇಜಿನಲ್ಲಿ ನಾಲ್ಕು ದಿನ ಹಾಳಾದವು. ಮನೆಯಲ್ಲಿ ಮದುವೆ ಇತ್ತು ಅಂದರೂ ಮುಂದಕ್ಕೆ ಹಾಕಿಕೊಡಲಿಲ್ಲ. ಇನ್ನೊಂದು, ಅವರು ಗುಳಿಗೆ ಡಬ್ಬಿಯೊಂದನ್ನೂ ಮಾರುತ್ತಾರೆ, ಗ್ಲುಕೋಸಮೈನ್ ಅಂತ. ಅದರಿಂದ ಲಾಭ ಇದೆ ಅಂತ ಗಟ್ಟಿಯಾಗಿ ಹೇಳುವ ಪುರಾವೆ ಇಲ್ಲ, ಸುಮ್ನೆ ಖರ್ಚು ಬೇಡ ಅಂತ ನಮ್ಮ ಡಾಕ್ಟರೇ ಅಂದರು.

ಡಾಕ್ಟರಿಗೆ ತೋರಿಸದೆ ನೇರ ಇಲ್ಲಿಗೆ ಹೋಗಬೇಡಿ. ಮೊಣಕಾಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದಿದ್ದರೆ, ಮೀನಖಂಡ ಬಾತು ನೋಯುತ್ತಿದ್ದರೆ, ಕಾಲು ಮಡಚಿದ್ದು ಸಿಕ್ಕಿಬಿದ್ದು ಬಿಡಿಸಲು ಬರದಿದ್ದರೆ ಅದು ಬರೀ ಸವೆತ ಅಲ್ಲದೆ ಬೇರೆ ಏನೋ ಇರಬಹುದು, ತಡ ಮಾಡದೆ ಡಾಕ್ಟರ ಹತ್ತಿರವೇ ಹೋಗಿ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಮೂರು ಆ ಹುಡುಗಿಯದು. ಸಂಜೆ ನಾಲ್ಕರ ನಂತರ ಹೋಗಿ, ಆಗ ಅವಳು ಇರುತ್ತಾಳೆ, ಬೆಳಗ್ಗೆ ಬರೀ ಮಷಿನ್ ಹಚ್ಚಿ ಕಳಿಸುತ್ತಾರೆ. ಮೆಟ್ಟಿಲಿಗೆ ಒಂದೇ ಕಡೆ ಕಂಬಿ ಇದೆ. ಇನ್ನೊಂದು ಕಡೆಗೂ ಹಾಕಿಸಿ ಅಂತ ಎರಡು ಸಲ ಹೇಳಿದೆ, "ಮಾಡಸ್ತೀವ್ರಿ" ಅಂದಿದ್ದಾರೆ. ಗುರುತು ಸಿಕ್ಕವರು ನೀವೂ ಒಂದು ಮಾತು ಹೇಳಿ.