ಕೆಟಲ್‌ನಲ್ಲಿ ಜೆಲ್ ಆಗದಂತೆ: ಲ್ಯಾಬ್, ಪ್ರೋಬ್, ಗ್ರಾಫ್ ಹಾಳೆ

ಪೇಂಟ್‌ಗೆ ಹಾಕುವ ಆಲ್ಕಿಡ್ ರೆಸಿನ್ ಬೇಯಿಸುವವರಿಗೆ ಜೆಲ್ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 230 ಡಿಗ್ರಿಯಲ್ಲಿ ಕೊನೆಯ ಹೊತ್ತಿಗೆ ಸ್ವಲ್ಪ ಮೈಮರೆತರೂ ಕೆಟಲ್ ತುಂಬ ರಬ್ಬರ್. ಅದನ್ನು ಒಮ್ಮೆ ಉಳಿ ಹಿಡಿದು ಕೆತ್ತಿ ತೆಗೆದ ಮೇಲೆ ನಾನು ಮೂರು ವಿಧಾನಗಳನ್ನು ಅದೇ ಕೆಟಲ್ ಮೇಲೆ ಪರೀಕ್ಷಿಸಿ ನೋಡಿದೆ.

ಹಳೆಯ ಪದ್ಧತಿ, ಟೈಟ್ರೇಶನ್, ಗೊತ್ತೇ ಇದೆ. ಅರ್ಧ ಗಂಟೆಗೊಮ್ಮೆ ಸ್ಯಾಂಪಲ್, ಬಣ್ಣದಿಂದ ಸೂಚನೆ ಕೊಡುವ ಫಿನಾಲ್ಫ್ತಲೀನ್, ಗುಲಾಬಿ ಬಣ್ಣ ನಿಲ್ಲುವವರೆಗೆ ಪೊಟ್ಯಾಶ್ ಹನಿ. ಅಂಕಿ ನಂಬಬಹುದು (ರೆಸಿನ್ ಕಂದಾಗಿದ್ದರೆ ಇಬ್ಬರಿಗೆ ಎರಡು ಗುಲಾಬಿ ಕಾಣುತ್ತದೆ, ಅದು ಬೇರೆ ಮಾತು). ಆದರೆ ತಣಿಸಿ, ತೂಗಿ, ಕರಗಿಸುವಷ್ಟರಲ್ಲಿ 20 ನಿಮಿಷ ಹೋಗಿರುತ್ತದೆ. ಲ್ಯಾಬ್ ಆಸಿಡ್ ವ್ಯಾಲ್ಯೂ (ಇನ್ನೂ ಉಳಿದಿರುವ ಆಮ್ಲದ ಅಳತೆ, ಬೇಯುತ್ತ ಹೋದಂತೆ ಇಳಿಯುತ್ತದೆ) 12 ಎನ್ನುವಾಗ ಕೆಟಲ್ ಆಗಲೇ ಮುಂದೆ ಓಡಿರುತ್ತದೆ.

ಕೆಟಲ್ ಒಳಗೇ ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ಎನ್‌ಐಆರ್ ಪ್ರೋಬ್ ನಿಮಿಷಕ್ಕೊಂದು ಅಂಕಿ ಕೊಟ್ಟಿತು. ಮೊದಲ ವಾರ ಎಲ್ಲರೂ ಪರದೆಯ ಮುಂದೆಯೇ ನಿಂತಿದ್ದೆವು. ಒಂದು ದಿನ ಗೆರೆ ಅಲುಗದೆ ನೆಟ್ಟಗೆ ನಿಂತಿತು. ನಾವು ಖುಷಿಪಟ್ಟೆವು. ಬಿಚ್ಚಿ ನೋಡಿದರೆ ಪ್ರೋಬ್‌ನ ಕಿಟಕಿಯ ಗಾಜಿನ ಮೇಲೆ ರೆಸಿನ್ ಪದರ ಸುಟ್ಟು ಕೂತಿತ್ತು. ಅಲ್ಲದೆ ಪ್ರೋಬ್‌ಗೆ ಪಾಠ ಹೇಳಿಕೊಟ್ಟದ್ದು ಇದೇ ಟೈಟ್ರೇಶನ್ ಅಂಕಿಗಳು. ಎಣ್ಣೆಯ ಬಗೆ ಬದಲಾದರೆ ಮತ್ತೆ ಹೊಸದಾಗಿ ಕಲಿಸಬೇಕು.

ನನಗೆ ಹಿಡಿಸಿದ್ದು ಗ್ರಾಫ್ ಹಾಳೆ. ಅದೇ ಲ್ಯಾಬ್ ಅಂಕಿ, ಆದರೆ ಆಸಿಡ್ ವ್ಯಾಲ್ಯೂ ಬದಲು ಅದರ ವಿಲೋಮವನ್ನು, ಅಂದರೆ 1 ಭಾಗಿಸು ಆಸಿಡ್ ವ್ಯಾಲ್ಯೂ, ಸಮಯದ ಎದುರು ಗುರುತಿಸುವುದು. ಅಡುಗೆಯ ಕೊನೆಯ ಹಂತದಲ್ಲಿ ಚುಕ್ಕಿಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಬೀಳುತ್ತವೆ. ಸ್ಕೇಲ್ ಇಟ್ಟು ಗೆರೆ ಮುಂದಕ್ಕೆ ಎಳೆದರೆ ಹೀಟಿಂಗ್ ಯಾವಾಗ ನಿಲ್ಲಿಸಬೇಕೆಂದು ಮೊದಲೇ ತಿಳಿಯುತ್ತದೆ. ಆಗ ಆ 20 ನಿಮಿಷದ ತಡ ಅಷ್ಟಾಗಿ ಕಾಡುವುದಿಲ್ಲ. ಪಕ್ಕದಲ್ಲೇ ಸ್ನಿಗ್ಧತೆಯನ್ನೂ ಬರೆದುಕೊಳ್ಳಿ; ಅದು ಏಕಾಏಕಿ ಏರತೊಡಗಿದರೆ ಗೆರೆಗೂ ಕಾಯಬೇಡಿ.

ಎರಡನೇ ಹಾಳೆಯಲ್ಲಿ ಪ್ರತಿ ಬ್ಯಾಚ್ ಬೇಯಲು ಹಿಡಿದ ಸಮಯ ಬರೆದೆ: ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಶೂಹಾರ್ಟ್ 1924ರಲ್ಲಿ ತೋರಿಸಿಕೊಟ್ಟ ಕಂಟ್ರೋಲ್ ಚಾರ್ಟ್, ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಮಿತಿಯ ಗೆರೆಗಳು. ಒಂದೂ ಚುಕ್ಕಿ ಮಿತಿ ದಾಟಿರಲಿಲ್ಲ, ಆದರೆ ಸತತ 8 ಚುಕ್ಕಿಗಳು ನಡುಗೆರೆಗಿಂತ ಮೇಲ್ಗಡೆಯೇ ಇದ್ದವು. ಹುಡುಕಿದರೆ ನೀರನ್ನು ಬೇರ್ಪಡಿಸಬೇಕಾದ ಡಿಕ್ಯಾಂಟರ್‌ನಿಂದ ಕ್ಸೈಲೀನ್ ದ್ರಾವಕದ ಜೊತೆ ನೀರೂ ಕೆಟಲ್‌ಗೆ ವಾಪಸ್ ಹೋಗಿ ಬೇಯುವುದನ್ನು ತಡಮಾಡುತ್ತಿತ್ತು. ಪ್ರೋಬ್ ಇದನ್ನು ಹೇಳಿರಲಿಲ್ಲ.

ಪ್ರೋಬನ್ನು ತೆಗೆದುಹಾಕಿಲ್ಲ. ರಾತ್ರಿ ಪಾಳಿಯಲ್ಲಿ ಲ್ಯಾಬ್‌ನವನು ಒಬ್ಬನೇ ಇದ್ದಾಗ ಕೊನೆಯ ಒಂದು ಗಂಟೆ ಅದೇ ಗತಿ. ಪ್ರತಿ ಬ್ಯಾಚ್‌ಗೂ ಮೊದಲು ಗಾಜು ಒರೆಸುತ್ತೇವೆ.